ಕೆಂಪಿಯ ಕೊರಳಪಟ್ಟಿ

ನಮ್ಮ ಊರು ಹೋಳೂರಿಗೆ ಹತ್ತಿರ. ಎಂಬತ್ತೆಂಟನೇ ಇಸವಿಯಲ್ಲಿ ಬೆಂಗಳೂರಿನಿಂದ ಒಂದು ಜೀಪು ಬಂದು, ನಮ್ಮ ಸೀಮೆಹಸುಗಳ ಕೊರಳಿಗೆಲ್ಲ ಒಂದೊಂದು ಕಪ್ಪು ಪಟ್ಟಿ ಕಟ್ಟಿ ಹೋಯಿತು. ಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಅದರ ಒಳಗೆ ರೇಡಿಯೋ ಇದೆಯಂತೆ. ಹಾಡುವ ರೇಡಿಯೋ ಅಲ್ಲ, ಹಸುವಿನ ನಂಬರು ಹೇಳುವ ರೇಡಿಯೋ. ಡೇರಿಯ ಬಾಗಿಲಿಗೆ ನಿಲ್ಲಿಸಿದ ಯಂತ್ರದ ಮುಂದೆ ಹಸು ಹಾದರೆ ಸಾಕು, ಇದು ಇಂಥ ಹಸು ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಪಟ್ಟಿಯ ಮೇಲೆ ಅಂಕಿಯೂ ಇಲ್ಲ, ಅಕ್ಷರವೂ ಇಲ್ಲ. ಒಳಗಿರುವುದನ್ನು ಓದುವುದು ಯಂತ್ರಕ್ಕೆ ಮಾತ್ರ ಸಾಧ್ಯ.

"ಇದನ್ನ ಯಾವ ಕಾರಣಕ್ಕೂ ಬಿಚ್ಚಬೇಡಿ ಕಣಮ್ಮ," ಎಂದರು ದನದ ಡಾಕ್ಟರು ಚನ್ನರಾಯಪ್ಪ. ಮುಳಬಾಗಿಲು ಕಡೆಯವರು, ಸಾಧು ಮನುಷ್ಯ.

ಎಲ್ಲರೂ ಹೂಂ ಎಂದೆವು. ಹೂಂ ಎನ್ನುವುದಕ್ಕೆ ನಮ್ಮೂರಿನವರಿಗೆ ಯಾವ ಕಷ್ಟವೂ ಇಲ್ಲ.

ದೀಪಾವಳಿಗೆ ನನ್ನ ಮಗಳು ಶ್ಯಾಮಲ ಚೊಚ್ಚಲ ಬಾಣಂತನಕ್ಕೆ ಬಂದಳು. ಕೆಂಪಿ ಅವಳು ಲಂಗ ಉಡುವ ಕಾಲದಲ್ಲಿ ಕರುವಾಗಿದ್ದ ಹಸು, ಅವಳ ಕೈಯಲ್ಲೇ ಬೆಳೆದದ್ದು. ಬಂದವಳು ಮೊದಲು ನನ್ನ ಮುಖ ನೋಡಲಿಲ್ಲ, ಕೆಂಪಿಯ ಕೊರಳು ನೋಡಿದಳು. "ಅಮ್ಮಾ, ಈ ಪಟ್ಟಿ ಉಜ್ಜಿ ಉಜ್ಜಿ ಗಾಯ ಆಗುತ್ತೆ ಕಣೇ," ಎಂದು ಹಳದಿ ಹೂವಿದ್ದ ತನ್ನ ಹಳೆಯ ನೀಲಿ ಲಂಗದ ಅಂಚು ಹರಿದು, ಪಟ್ಟಿಯ ಒಳಮೈಗೆ ಸುತ್ತಿ ದಾರ ಹಾಕಿ ಹೊಲಿದಳು. ದಿನಾ ಬೆಳಿಗ್ಗೆ ಕೆಂಪಿಯ ನೊರೆಹಾಲು ಒಂದು ಲೋಟ, ಕಾಯಿಸದೆ ಕುಡಿಯುವಳು. ಬಸುರಿಗೆ ಒಳ್ಳೆಯದೆಂದು ನಾನೇ ಕರೆದು ಕೊಡುತ್ತಿದ್ದೆ.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ಚನ್ನರಾಯಪ್ಪನವರು ಬಂದು ಹಸುಗಳ ರಕ್ತ ತೆಗೆದುಕೊಂಡು ಹೋದರು. ಯಂತ್ರ ಹೇಳಿದ ನಂಬರನ್ನೇ ರಕ್ತದ ಶೀಶೆಗೂ ಬರೆದುಕೊಂಡರು. ಹಸು ಕಂದು ಹಾಕುವ, ಅಂದರೆ ದಿನ ತುಂಬುವ ಮೊದಲೇ ಗರ್ಭ ಇಳಿಯುವ ಒಂದು ರೋಗ ಉಂಟು, ಅದು ಹಸಿಹಾಲಿನಿಂದ ಮನುಷ್ಯರಿಗೂ ಹತ್ತುತ್ತದೆ, ಅದನ್ನು ಹುಡುಕುತ್ತಿದ್ದೇವೆ ಎಂದರು. ಅಂದಿನಿಂದ ನಾನು ಹಾಲು ಕಾಯಿಸತೊಡಗಿದೆ. ಆದರೆ ಹಬ್ಬಕ್ಕೆ ಮೊದಲೇ ಶ್ಯಾಮಲಳಿಗೆ ಜ್ವರ ಶುರುವಾಗಿತ್ತು. ಸಾಯಂಕಾಲ ಏರುವುದು, ಬೆಳಿಗ್ಗೆ ಬೆವತು ಇಳಿಯುವುದು, ಸೊಂಟ ಮುರಿದುಹೋಗುವಂಥ ನೋವು. ಕೊನೆಗೆ ಕೋಲಾರದಲ್ಲಿ ಒಂದು ಹೆರಿಗೆ ಆಸ್ಪತ್ರೆಗೆ ಸೇರಿಸಿದೆವು.

ಅಲ್ಲಿನ ಲೇಡಿ ಡಾಕ್ಟರು ಟೈಫಾಯಿಡ್ ಇರಬೇಕೆಂದು ಔಷಧ ಕೊಟ್ಟರು. ಜ್ವರ ಜಗ್ಗಲಿಲ್ಲ. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಹಸಿಹಾಲು ಕುಡೀತಿದ್ದಳಾ? ನಿಮ್ಮ ಹಸುಗೆ ರೋಗ ಏನಾದ್ರೂ ಇದೆಯಾ?" ಎಂದು ಕೇಳಿದರು. ರಕ್ತ ಪರೀಕ್ಷೆ ಆಗಿದೆ, ಫಲಿತಾಂಶ ಬಂದಿಲ್ಲ ಎಂದೆ. "ಬೇಗ ತಿಳಿದುಕೊಂಡು ಬನ್ನಿ. ಇವಳ ರಕ್ತವನ್ನೂ ಬೆಂಗಳೂರಿಗೆ ಕಳಿಸ್ತೀನಿ, ಆದ್ರೆ ಅದು ಬರೋವರೆಗೂ ಮಗು ತಡೆಯಲ್ಲ. ಆ ರೋಗದ ಔಷಧಿನೇ ಬೇರೆ. ಬಸುರಿಗೆ ಅಂದಾಜಿನ ಮೇಲೆ ಕೊಡೋ ಹಾಗಿಲ್ಲ."

ಮರುದಿನವೇ ಊರಿಗೆ ಬಂದೆ. ಅಂದೇ ಚನ್ನರಾಯಪ್ಪನವರು ಫಲಿತಾಂಶ ತಂದರು. ಒಂದೇ ಒಂದು ಹಸುವಿಗೆ ರೋಗ. ಅದರ ನಂಬರು ಯಂತ್ರಕ್ಕೆ ತಿಳಿಸಿ, ಹಸುಗಳನ್ನು ಒಂದೊಂದಾಗಿ ಡೇರಿಯ ಬಾಗಿಲಿಗೆ ಬಿಡಿ ಎಂದರು. ರೋಗದ ಹಸು ಬಂದರೆ ಕೆಂಪು ದೀಪ, ಉಳಿದವಕ್ಕೆ ಹಸಿರು.

ಕೆಂಪಿಯ ಹಗ್ಗ ಹಿಡಿದು ನಡೆದೆ. ಹಸಿರು ಹತ್ತಿತು. ನನ್ನ ಹಿಂದೆಯೇ ಪಕ್ಕದ ಮನೆಯ ಮುನಿಯಲ್ಲಮ್ಮನ ಚುಕ್ಕೆಹಸು. ಕೆಂಪು.

ಮುನಿಯಲ್ಲಮ್ಮ ತೆಲುಗಿನವಳು, ಗಂಡ ತೀರಿಕೊಂಡಿದ್ದಾನೆ. ನನ್ನನ್ನು ವದಿನಾ ಎಂದು, ಅಂದರೆ ಅತ್ತಿಗೆ ಎಂದು ಕರೆಯುತ್ತಾಳೆ. ಬಚ್ಚಲ ನೀರಿನ ವಿಷಯಕ್ಕೆ ನಮಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಅವಳು ಕಂಬ ಹಿಡಿದು ಕುಸಿದಳು. ನನಗೆ ಅಯ್ಯೋ ಅನಿಸಬೇಕಿತ್ತು. ಅನಿಸಲಿಲ್ಲ. ನನ್ನ ಮಗಳ ಹಸು ಪಾಸಾಯಿತಲ್ಲ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಕೋಲಾರದ ಬಸ್ಸು ಹತ್ತಿದೆ.

"ನಮ್ಮ ಹಸು ಚೊಕ್ಕ ಇದೆ ಡಾಕ್ಟರಮ್ಮ, ಯಂತ್ರಾನೇ ಹೇಳ್ತು," ಎಂದೆ.

"ಹಾಗಾದ್ರೆ ಆ ಔಷಧಿ ಬೇಡ," ಎಂದರು ಅವರು. ನನ್ನ ಮಾತನ್ನು ನಂಬಿಯೇ ಹಾಗೆಂದರು.

ಆ ರಾತ್ರಿ ಶ್ಯಾಮಲಳಿಗೆ ಹೊಟ್ಟೆ ಹಿಡಿದುಕೊಳ್ಳುವುದಕ್ಕೆ ಶುರುವಾಯಿತು. ದಿನ ತುಂಬಿಲ್ಲ. ಬೆಳಿಗ್ಗೆ ಡಾಕ್ಟರು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು. ನೋವು ನಿಲ್ಲಿಸುವುದಕ್ಕೆ ಇಂಜೆಕ್ಷನ್ ಕೊಟ್ಟಿದ್ದೇನೆ, ಆದರೆ ಜ್ವರ ಇಳಿಯದಿದ್ದರೆ ಮಗು ಉಳಿಯುವುದಿಲ್ಲ, ತಾಯಿಯ ಮಾತೂ ಹೇಳಲಾರೆ ಎಂದರು. ನನ್ನ ಯಜಮಾನರನ್ನು ಅವಳ ಹತ್ತಿರ ಕೂರಿಸಿ, ಹಸುವಿಗೆ ಮೇವು ಹಾಕಿ ಬಟ್ಟೆ ತರುವುದಕ್ಕೆಂದು ಊರಿಗೆ ಬಂದೆ. ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕಾಣದ ದೇವರನ್ನು ಬೈದೆ.

ಊರಿನಲ್ಲಿ ಚುಕ್ಕೆಹಸುವನ್ನು ಸಾಗಿಸುವುದಕ್ಕೆ ಲಾರಿ ಬಂದು ನಿಂತಿತ್ತು. ರೋಗದ ಹಸುಗಳಿಗೆಂದೇ ದೂರದಲ್ಲಿ ಒಂದು ಕೊಟ್ಟಿಗೆ ಇದೆಯಂತೆ, ಅಲ್ಲಿಗೆ ಹೋದದ್ದು ಹಿಂದಕ್ಕೆ ಬರುವುದಿಲ್ಲ. ಮುನಿಯಲ್ಲಮ್ಮ ಹಸುವಿನ ಕೊರಳು ತಬ್ಬಿಕೊಂಡಿದ್ದಳು.

"ಬಂಗಾರದಂಥ ಹಸು ಸಾಮೀ! ವರ್ಷ ವರ್ಷ ಈದೈತೆ. ದೇವುಡಾ, ನಿನಗೆ ಕಣ್ಣಿಲ್ವಾ?"

ಚನ್ನರಾಯಪ್ಪನವರು ಅವಳ ಮುಖ ನೋಡಲಾರದೆ, ತಲೆ ತಗ್ಗಿಸಿ ಹಸುವಿನ ಕೊರಳಪಟ್ಟಿ ಬಿಚ್ಚಿದರು. ಪಟ್ಟಿ ಅವರ ಕೈಯಲ್ಲಿ ಮಗುಚಿಕೊಂಡಿತು.

ಒಳಮೈಯಲ್ಲಿ ನೀಲಿ ಬಟ್ಟೆ. ಅರಿಶಿನ ಹತ್ತಿ ಮಾಸಿದ್ದರೂ ಅದೇ ನೀಲಿ, ಅದೇ ಹಳದಿ ಹೂವು. ನನ್ನ ಮಗಳ ಅಡ್ಡಾದಿಡ್ಡಿ ಹೊಲಿಗೆ.

"ಮುನಿಯಲ್ಲಾ, ಈ ಪಟ್ಟಿ ನಿನಗೆ ಎಲ್ಲಿಂದ ಬಂತೇ?" ಎಂದು ಕಿರುಚಿದೆ.

"ಹಬ್ಬದ ದಿನ ಪೆದ್ದಪ್ಪ ಕೊಟ್ಟಿದ್ದು ವದಿನಾ. ನನ್ನ ಪುಣ್ಯಕ್ಕೆ ಮೆತ್ತಗಿರೋದು ಸಿಕ್ತು ಅಂದ್ಕೊಂಡೆ."

ಸಂಕ್ರಾಂತಿ! ಅಂದು ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ದನಗಳ ದೇವರು ಕಾಟುಮರಾಯನ ಮುಂದೆ ಕಿಚ್ಚು ಹಾಯಿಸುವುದು ನಮ್ಮ ಪದ್ಧತಿ. ಹಳೆಯ ಹಗ್ಗ ಮೈಮೇಲಿದ್ದು ಹಸು ಕಿಚ್ಚು ಹಾಯಬಾರದು. ಜೀಪಿನವರು ಕಟ್ಟಿದ ಪಟ್ಟಿಯಾದರೇನು, ಅದೂ ಹಗ್ಗವೇ. ಊರಿನ ಹಿರಿಯ ಪೆದ್ದಪ್ಪ ಎಲ್ಲ ಪಟ್ಟಿಗಳನ್ನೂ ಬಿಚ್ಚಿಸಿ ಮಂಕರಿ ಬುಟ್ಟಿಗೆ ಹಾಕಿ, ಅರಿಶಿನ ಕುಂಕುಮ ಎರಚಿ ಪೂಜೆ ಮಾಡಿದ. ಆಮೇಲೆ ಪ್ರಸಾದ ಹಂಚಿದ ಹಾಗೆ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟ. ಕೈಗೆ ಬಂದದ್ದನ್ನು ಕಣ್ಣಿಗೊತ್ತಿಕೊಂಡು ಕಟ್ಟಿದರು. ನಾನು ಜ್ವರದ ಮಗಳ ಪಕ್ಕದಲ್ಲಿದ್ದೆ, ಕೆಂಪಿಗೆ ಕಟ್ಟಿದ್ದು ನಮ್ಮ ಯಜಮಾನರು. ಯಾರ ಪಟ್ಟಿ ಯಾರದು ಎಂದು ಒಬ್ಬರೂ ಕೇಳಲಿಲ್ಲ. ಯಾಕೆ ಕೇಳಬೇಕು? ನಮ್ಮ ಹಸುವಿನ ಗುರುತು ನಮಗೆ ಮುಖದಲ್ಲಿದೆ. ಆ ಡಬ್ಬಿಯನ್ನು ಬಿಟ್ಟರೆ ಬೇರೆ ಗುರುತೇ ಇಲ್ಲದ್ದು ಯಂತ್ರಕ್ಕೆ.

"ಸಾರ್," ಎಂದೆ. "ರಕ್ತ ತಗೊಂಡ ದಿನ ಈ ಪಟ್ಟಿ ಯಾರ ಕೊರಳಲ್ಲಿತ್ತೋ, ಆ ಹಸುಗೆ ತಾನೇ ರೋಗ?"

"ಹೌದಮ್ಮ."

"ಅವತ್ತು ಇದು ನಮ್ಮ ಕೆಂಪಿ ಕೊರಳಲ್ಲಿತ್ತು. ಈ ಹೊಲಿಗೆ ನನ್ನ ಮಗಳದು. ಮುನಿಯಲ್ಲಮ್ಮನ ಹಸು ಬಿಡಿ. ನಮ್ಮದನ್ನ ಹತ್ತಿಸಿ."

ಅವರ ಮುಖ ಬಿಳಿಚಿಕೊಂಡಿತು. ಬಿಚ್ಚಬೇಡಿ ಅಂದಿದ್ದೆನಲ್ಲಮ್ಮ ಎಂದು ಬೈಯಬಹುದಿತ್ತು. ಬೈಯಲಿಲ್ಲ. ಎಲ್ಲ ಹಸುಗಳ ರಕ್ತವನ್ನೂ ಮತ್ತೆ ನೋಡಬೇಕು ಎಂದಷ್ಟೇ ಹೇಳಿ, ಜೇಬಿನಿಂದ ಚೀಟಿ ತೆಗೆದು ಲೇಡಿ ಡಾಕ್ಟರಿಗೆ ನಾಲ್ಕು ಸಾಲು ಗೀಚಿದರು. ಲಾರಿ ಕೋಲಾರದ ಮೇಲೇ ಹೋಗುತ್ತದೆ, ಹತ್ತಿ ಎಂದರು.

ಕೆಂಪಿಯನ್ನು ಹತ್ತಿಸುವುದು ಕಷ್ಟವಾಗಲಿಲ್ಲ. ನಾನು ಮುಂದೆ ಹತ್ತಿದೆ, ಅದು ನನ್ನ ಹಿಂದೆ ಹತ್ತಿತು. ಅದೇ ನನ್ನ ಕರುಳು ಕಿತ್ತಿತು. ಮುನಿಯಲ್ಲಮ್ಮ ಲಾರಿಯ ಹಲಗೆ ಹಿಡಿದು ಓಡುತ್ತಾ ಬಂದು, "ವದಿನಾ, ಪಾಪ ಹುಷಾರಾಗ್ತಾಳೆ, ಹುಷಾರಾಗೇ ಆಗ್ತಾಳೆ," ಎನ್ನುತ್ತಿದ್ದಳು. ಅವಳ ಭಾಷೆಯಲ್ಲಿ ಪಾಪ ಎಂದರೆ ಮಗು.

ದಾರಿಯುದ್ದಕ್ಕೂ ಕೆಂಪಿ ನನ್ನ ಕೈ ನೆಕ್ಕಿತು. ಅತ್ತುಕೊಂಡೇ ಅದರ ಕೊರಳಡಿಯ ಗಂಗೆದೊಗಲು ಸವರಿದೆ. ಆಸ್ಪತ್ರೆಯ ಮುಂದೆ ಇಳಿದಾಗ ಅದು ಒಮ್ಮೆ ಕೂಗಿತು. ತಿರುಗಿ ನೋಡದೆ ಓಡಿದೆ.

ಡಾಕ್ಟರು ಚೀಟಿ ಓದಿದರು. ಕೂಡಲೇ ನರ್ಸಮ್ಮನನ್ನು ಕೂಗಿ ಬೇರೆ ಔಷಧಿ ತರಿಸಿದರು. ಪಟ್ಟಿಯಿಂದ ಬಿಚ್ಚಿಕೊಂಡು ನಾನು ಕೈಯಲ್ಲಿ ಹಿಡಿದು ತಂದಿದ್ದ ಬಟ್ಟೆ ನೋಡಿ, "ಇದನ್ನ ಸುಟ್ಟು ಕೈ ತೊಳ್ಕೊಳ್ಳಿ," ಎಂದರು. ಹಿತ್ತಲಿಗೆ ಹೋಗಿ ಸುಟ್ಟೆ.

ಜ್ವರ ಒಂದೇ ಸಲಕ್ಕೆ ಬಿಡಲಿಲ್ಲ. ಇಳಿಯಿತು, ಏರಿತು, ಮತ್ತೆ ಇಳಿಯಿತು. ಇಳಿದ ಮೇಲೆ ನಿಂತಿತು. ಅಷ್ಟರಲ್ಲಿ ಬೆಂಗಳೂರಿನಿಂದ ಶ್ಯಾಮಲಳ ರಕ್ತದ ಫಲಿತಾಂಶವೂ ಬಂತು, ಅದೇ ರೋಗ. ಶಿವರಾತ್ರಿ ಕಳೆದ ಮೇಲೆ ಹೆಣ್ಣು ಮಗು ಹುಟ್ಟಿತು. ಸಣಕಲು, ಆದರೆ ವಾರ್ಡು ಹಾರಿಹೋಗುವ ಹಾಗೆ ಅತ್ತಿತು. ಅಜ್ಜಿಯ ಗಂಟಲು.

ನರ್ಸಮ್ಮ ಮಗುವಿನ ಕೈಗೆ ಪ್ಲಾಸ್ಟರು ಸುತ್ತಿ ನಂಬರು ಬರೆದಳು. ನಾನು ಊರಿನಲ್ಲಿ ಕುದಿಸಿ ತಂದಿದ್ದ ಅದೇ ನೀಲಿ ಲಂಗದ ಇನ್ನೊಂದು ಅಂಚನ್ನು ಮಗುವಿನ ಕಾಲಿಗೆ ಕಟ್ಟಿದೆ.

"ನಂಬರ್ ಇದೆಯಲ್ಲಮ್ಮ, ಇದ್ಯಾಕೆ?"

"ಅದು ನಿಮಗೆ, ತಾಯಿ. ಇದು ನಮಗೆ."

ಶ್ಯಾಮಲ ಮಗುವಿನ ಕಾಲು ಮುಟ್ಟಿದಳು. ಆ ನೀಲಿ ಬಟ್ಟೆಯನ್ನು ನೋಡುತ್ತಾ ಹೋದಳು. ಇಷ್ಟು ದಿನ ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

"ಅಮ್ಮಾ, ಕೆಂಪಿ?"

"ಹೋಯ್ತು ಕಣೇ. ಅದರ ಕೊರಳಿಗೆ ನೀನು ಬಟ್ಟೆ ಹೊಲೀದೇ ಇದ್ದಿದ್ರೆ, ನೀವಿಬ್ಬರೂ ನನಗೆ ಇರ್ತಿರಲಿಲ್ಲ."

ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಕೈ ಮಾತ್ರ ಮಗುವಿನ ಕಾಲಿನ ಮೇಲೇ ಇತ್ತು.