ರನ್‌ವೇ ಎಳೆಯುವುದು

ಪೆನ್ನು ಹದಿನಾರನೆಯ ಪ್ರಶ್ನೆಯವರೆಗೆ ಸರಾಗವಾಗಿ ಇಳಿದು ಬಂದು ಹದಿನೇಳರ ನೆತ್ತಿಯ ಮೇಲೆ ನಿಂತುಬಿಟ್ಟಿತು.

ಕೆಳಗೆ ಇನ್ನೂ ಒಂಬತ್ತು ಇದ್ದವು. ತಲೆಸುತ್ತು, ಮೂರ್ಛೆ, ಎದೆನೋವು, ಮೂತ್ರಕೋಶದ ಕಲ್ಲು. ಪ್ರತಿಯೊಂದರ ಮುಂದೆಯೂ ಎರಡು ಚೌಕ: ಹೌದು, ಇಲ್ಲ. ಹದಿನೆಂಟು ವರ್ಷಗಳಲ್ಲಿ ಅವನು ಇವನ್ನು ಓದಿರಲೇ ಇಲ್ಲ. ಅವನಿಗೆ ಗೊತ್ತಿದ್ದ ಯಾವ ಪೈಲಟ್ಟೂ ಓದುತ್ತಿರಲಿಲ್ಲ. 'ಇಲ್ಲ'ದ ಮೊದಲ ಚೌಕದಲ್ಲಿ ಪೆನ್ನಿಟ್ಟು ಕೊನೆಯ ಚೌಕದವರೆಗೆ ಒಂದೇ ಗೆರೆ ಎಳೆದು, ಕೆಳಗೆ ಸಹಿ ಹಾಕಿ, ಮೆಡಿಕಲ್ ಪರೀಕ್ಷೆಗೆ ಅಂಗಿ ಬಿಚ್ಚುವುದು ರೂಢಿ. ಇದಕ್ಕೆ ಅವರೊಳಗೆ ರನ್‌ವೇ ಎಳೆಯುವುದು ಎಂದು ಹೆಸರು.

ಹದಿನೇಳನೆಯದು ಹೀಗಿತ್ತು: ಕಳೆದ ಪರೀಕ್ಷೆಯ ನಂತರ ಮನಸ್ಸಿಗೆ ಸಂಬಂಧಿಸಿದ ತೊಂದರೆಗಾಗಿ ಯಾವುದೇ ವೈದ್ಯರನ್ನು ಕಂಡಿದ್ದೀರಾ?

ಕಂಡಿದ್ದ. ಎರಡು ಸಲ.

"ಏನೋ, ಇನ್ನೂ ರನ್‌ವೇ ಎಳೆದಿಲ್ವಾ?"

ಪಕ್ಕದ ಕುರ್ಚಿಯಲ್ಲಿದ್ದವರು ಮಾವ. ಯಾರಿಗೂ ಮಾವನಲ್ಲ. ಬೇರೆ ಮಾದರಿಯ ವಿಮಾನ ಹಾರಿಸಲು ಪೈಲಟ್ಟಿಗೆ ಬೇಕಾದ ರೇಟಿಂಗು ಕೊಡುವ, ಅಥವಾ ಕೊಡದೆ ಕಳಿಸುವ, ಪರೀಕ್ಷಕರು ಅವರು. ಅವರ ಸಿಮ್ಯುಲೇಟರಿನೊಳಗೆ ಹೋಗುವುದಕ್ಕೆ ಕಿರಿಯರು ಮಾವನ ಮನೆಗೆ ಹೋಗುವುದು ಎನ್ನುತ್ತಿದ್ದರು. ಅರವತ್ತಮೂರು ವರ್ಷ. ಇವತ್ತು ಅವರೂ ಖಾಲಿ ಹೊಟ್ಟೆಯಲ್ಲಿ ಸಾಲಿನಲ್ಲಿ ಕೂತಿದ್ದರು. ಅಲ್ಲಿಯವರೆಗೆ ಕಣ್ಣು ಮುಚ್ಚಿ ತುಟಿಯಾಡಿಸುತ್ತಿದ್ದರು. ಕಣ್ಣಿನ ಕೋಣೆಯ ಗೋಡೆಗೆ ತೂಗುಹಾಕಿದ ಅಕ್ಷರಗಳ ಕೊನೆಯೆರಡು ಸಾಲುಗಳನ್ನು, ಜಪದಷ್ಟೇ ಶ್ರದ್ಧೆಯಿಂದ, ಬಾಯಿಪಾಠ ಮಾಡುತ್ತಿದ್ದರು.

"ಪೆನ್ನು ನಿಂತಿದೆ ಮಾವ."

"ಇಂಕಿಲ್ವಾ? ನನ್ನದು ತಗೋ."

"ಇಂಕಿದೆ."

ಮಾವ ಕತ್ತು ಚಾಚಿ ನೋಡಿದರು. ಕಾಗದವನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡೇ ಓದಬೇಕಾಯಿತು. ಓದಿ, ಎದುರಿನ ಮೇಜಿನಲ್ಲಿದ್ದ ನರ್ಸು ತಲೆ ತಗ್ಗಿಸಿದ್ದಾಳೆಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿದರು.

"ನಿಂಗೆ ಸೊಂಟನೋವಲ್ವೇನೋ? ಮೂರು ವಾರದಿಂದ ರಜೆ ಅಂತ ಕೇಳಿದ್ದೆ."

"ಸೊಂಟ ಚೆನ್ನಾಗಿದೆ."

"ಮತ್ತೇನು..." ಎಂದು ಶುರುಮಾಡಿದವರು ಅಂಗೈ ಅಡ್ಡ ಹಿಡಿದರು. "ಬೇಡ, ಹೇಳ್ಬೇಡ. ಪರೀಕ್ಷಕ ನಾನು. ಕಿವಿಗೆ ಬಿದ್ರೆ ಬರೀಬೇಕಾಗುತ್ತೆ. ಇಷ್ಟು ಹೇಳು, ನೀನಲ್ಲಿಗೆ ಹೋಗಿದ್ದು ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಚೀಟಿ? ಮಾತ್ರೆ?"

"ಏನೂ ಕೊಡ್ಲಿಲ್ಲ."

"ಹಾಗಾದ್ರೆ ನೀನು ಹೋಗೇ ಇಲ್ಲ," ಎಂದು ಮಾವ ಫಲಿತಾಂಶ ಹೇಳುವ ದನಿಯಲ್ಲಿ ಹೇಳಿ, ಮತ್ತೆ ಕಣ್ಣು ಮುಚ್ಚಿಕೊಂಡರು.

ಸೊಂಟನೋವು ಹೆಂಡತಿಯ ಸೃಷ್ಟಿ. ರಜೆಗೆ ಏನಾದರೊಂದು ಬರೆಯಬೇಕಿತ್ತು. ಬರೆದದ್ದೇ ತಡ, ಅದು ಅವನ ಕೈಮೀರಿ ಬೆಳೆಯಿತು. ಪಕ್ಕದ ಮನೆಯಾಕೆ ಎಣ್ಣೆ ತಂದುಕೊಟ್ಟಳು. ಭಾವಮೈದ ಗಟ್ಟಿ ಹಾಸಿಗೆ ಕಳಿಸಿದ. ಕಂಪನಿಯವರು ಹೂಗುಚ್ಛ ಕಳಿಸಿದರು. ಇಲ್ಲದ ನೋವಿಗೆ ಇಷ್ಟೊಂದು ಪ್ರೀತಿ ಹರಿದುಬಂದದ್ದನ್ನು ಕಂಡು ಅವನಿಗೆ ಸಂಕೋಚವಾಗಿ, ಒಂದೆರಡು ಸಲ ಏಳುವಾಗ ಸೊಂಟ ಹಿಡಿದುಕೊಂಡದ್ದೂ ಉಂಟು.

ನಡೆದದ್ದು ಇಷ್ಟೇ. ತಿಳಿಯಾದ ಬೆಳಗು. ಕಣ್ಣೆದುರಿಗೆ ರನ್‌ವೇ ತೊಳೆದಿಟ್ಟ ಹಾಗೆ ಬಿದ್ದುಕೊಂಡಿತ್ತು. ಎತ್ತರ ಕೂಗುವ ಯಂತ್ರ ನೂರು, ಐವತ್ತು, ಮೂವತ್ತು ಎನ್ನುತ್ತಿತ್ತು. ಆಗ ಅವನಿಗೆ, ಚಕ್ರ ನೆಲ ಮುಟ್ಟಿದರೂ ಸರಿ, ಮುಟ್ಟದಿದ್ದರೂ ಸರಿ ಅನ್ನಿಸಿತು. ಸಾಯಬೇಕು ಅನ್ನಿಸಲಿಲ್ಲ. ಭಯವಾಗಲಿಲ್ಲ. ಬೆನ್ನ ಹಿಂದೆ ನೂರೆಂಬತ್ತು ಜನ ಕೂತಿದ್ದಾರೆಂಬುದು ಗೊತ್ತಿತ್ತು, ಆದರೆ ಅವರು ಇಷ್ಟು ಟನ್ ಎಂಬ ಹಾಗೆ ಗೊತ್ತಿತ್ತು. ಕೈಗಳು ತಮ್ಮ ಪಾಡಿಗೆ ತಾವು ಇಳಿಸಿದವು. ಜನ್ಮದಲ್ಲಿ ಅಷ್ಟು ನಯವಾಗಿ ಅವನು ಇಳಿಸಿದ್ದಿಲ್ಲ. ಹಿಂದುಗಡೆ ಚಪ್ಪಾಳೆ ಕೇಳಿಸಿತು. ಸಹಪೈಲಟ್ "ಬೆಣ್ಣೆ ಥರ ಇಳಿಸಿದ್ರಿ ಸರ್!" ಅಂದ.

ಅವತ್ತು ಸಂಜೆ ಕೈಕಾಲು ತೊಳೆದು ದೇವರ ಮುಂದೆ ಕೂತ. ಅಲ್ಲೂ ಅಷ್ಟೇ, ಮುಟ್ಟಿದರೂ ಸರಿ, ಮುಟ್ಟದಿದ್ದರೂ ಸರಿ. ಇಷ್ಟು ವರ್ಷ ಈ ದೀಪದೆದುರೂ ತಾನು ಓದದೆ ಗೆರೆ ಎಳೆದು ಸಹಿ ಹಾಕಿ ಎದ್ದು ಬರುತ್ತಿದ್ದೆನೇ ಎಂದು ಮೊದಲ ಸಲ ಸಂಶಯ ಬಂತು. ಮಾರನೆಯ ದಿನ ಮನಸ್ಸಿನ ಡಾಕ್ಟರನ್ನು ಹುಡುಕಿಕೊಂಡು ಹೋದ. ಏನಾಯಿತು ಎಂದು ಕೇಳಿದವಳು ಆಕೆಯೊಬ್ಬಳೇ. ಅದು ಆಕೆಯ ಕೆಲಸ. ಕೇಳಿ, ಎರಡು ಸಲವೂ, "ಸದ್ಯಕ್ಕೆ ಹಾರ್ಬೇಡಿ. ಹೇಳ್ಬೇಕಾದವರಿಗೆ ಹೇಳಿ," ಎಂದಳು. ಅವನು ಹೆಂಡತಿಗೆ ಹೇಳಿದ. ಅವಳು ರಜೆಯ ಅರ್ಜಿ ಮುಂದಿಟ್ಟುಕೊಂಡು, "ಸೊಂಟ ಅನ್ನೋಣ," ಎಂದಳು.

ಫೋನು ಅದುರಿತು. ಅವಳೇ.

"ರೀ, ಮುಗೀತಾ?"

"ಫಾರಂ ತುಂಬ್ತಾ ಇದೀನಿ."

"ತುಂಬೋಕೇನಿದೆ ಅದ್ರಲ್ಲಿ? ಗೆರೆ ಎಳೆದು ಎದ್ದು ಬನ್ನಿ." ಅವನ ಪೆನ್ನು ಹದಿನೇಳರ ಮೇಲೇ ಇತ್ತು. "ರೀ, ಕೇಳಿಸ್ತಾ? ಹುಚ್ಚುಚ್ಚಾಗಿ ಆಡ್ಬೇಡಿ." ಆ ಪದ ಬಾಯಿಂದ ಬಿದ್ದದ್ದು ಅವಳಿಗೆ ತಡವಾಗಿ ಕೇಳಿಸಿರಬೇಕು. "ಅಂದ್ರೆ... ನಾನು ಹಾಗಲ್ಲ ಅಂದದ್ದು."

"ಗೊತ್ತು."

"ಮಗಳು ಕೇಳ್ತಿದ್ಲು, ಅಪ್ಪ ಮತ್ತೆ ಯಾವಾಗ ಯೂನಿಫಾರಂ ಹಾಕ್ಕೊಳ್ತಾರೆ ಅಂತ."

"ಏನು ಹೇಳ್ದೆ?"

"ಸೊಂಟ ಸರಿಹೋದ್ಮೇಲೆ ಅಂದೆ."

ಅವನಿಗೆ ನಗು ಬಂತು. ಆ ಕಡೆಯಿಂದ ಅವಳಿಗೂ ಬಂತೇನೋ, ಅಥವಾ ಅಳುವೋ. ಫೋನಿನಲ್ಲಿ ಎರಡರ ಉಸಿರೂ ಒಂದೇ ಥರ ಕೇಳುತ್ತದೆ. ಅವನು ಫೋನಿಟ್ಟು, ಹದಿನೇಳರ ಮುಂದೆ, 'ಹೌದು' ಎಂಬ ಚೌಕದಲ್ಲಿ, ಕಾಗದದ ಹಿಂಬದಿಗೆ ಉಬ್ಬು ಬರುವಷ್ಟು ಒತ್ತಿ ಗುರುತು ಹಾಕಿದ. ಉಳಿದ ಒಂಬತ್ತನ್ನು ಒಂದೊಂದಾಗಿ ಓದಿ 'ಇಲ್ಲ' ಎಂದು ಬರೆದ. ಅವನಿಗೆ ಮೂತ್ರಕೋಶದಲ್ಲಿ ಕಲ್ಲಿರಲಿಲ್ಲ.

ಒಳಕೋಣೆಯಲ್ಲಿ ಮೆಡಿಕಲ್ ಪರೀಕ್ಷೆ ಮಾಡುವ ಡಾಕ್ಟರಿಗೆ ಅವನು ಹದಿನೆಂಟು ವರ್ಷಗಳ ಪರಿಚಯ. ಮೊದಲು ವರ್ಷಕ್ಕೊಮ್ಮೆ, ನಲವತ್ತು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ, ಅವನ ರಕ್ತ, ಸಕ್ಕರೆ, ಎದೆಬಡಿತದ ಗೀಟುಗಳನ್ನು ಓದಿ ಹಾರಲು ಯೋಗ್ಯ ಎಂದು ಬರೆದುಕೊಡುತ್ತಿದ್ದವರು.

"ಬಾರಪ್ಪಾ. ಸೊಂಟ ಹೇಗಿದೆ?"

"ಚೆನ್ನಾಗಿದೆ ಡಾಕ್ಟ್ರೇ."

"ಕೂತು ಕೂತು ಮಾಡೋ ಕೆಲಸ. ನೋಯದೇ ಇದ್ರೆ ಆಶ್ಚರ್ಯ." ಫಾರಂ ಎತ್ತಿಕೊಂಡು ಸಹಿಯಿದೆಯೇ ಎಂದು ಕೆಳಗೆ ನೋಡಿದರು. ಕಣ್ಣು ಮೇಲಕ್ಕೆ ಹತ್ತಿತು, ನಿಂತಿತು. ದಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಡ್ರಾಯರ್ ಎಳೆದು ಹೊಸ ಫಾರಂ ಒಂದನ್ನು ಮೇಜಿನ ಮೇಲೆ ಸರಿಸಿದರು.

"ಕೈ ತಪ್ಪಿದೆ ನೋಡು. ಇನ್ನೊಂದರಲ್ಲಿ ಬರಿ."

ಅವನು ಬರೆದ. ಹದಿನಾರು ಇಲ್ಲ, ಒಂದು ಹೌದು, ಒಂಬತ್ತು ಇಲ್ಲ. ಡಾಕ್ಟರು ನೋಡಿದರು, ಮತ್ತೆ ಡ್ರಾಯರ್ ಎಳೆದರು. ಮೂರನೆಯದರಲ್ಲೂ ಹಾಗೇ ಬರೆದ. ಮೂರು ಕಾಗದಗಳು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಮಲಗಿದವು.

ಡಾಕ್ಟರು ಕುರ್ಚಿಗೆ ಒರಗಿದರು. ಹೊರಗೆ ಕಾಯುವವರಿದ್ದರೂ ಅವರಿಗೆ ಅವಸರವಿದ್ದಂತೆ ಕಾಣಲಿಲ್ಲ.

"ಒಂದು ಕಥೆ ಹೇಳ್ತೀನಿ ಕೇಳು. ಒಂದೂರಲ್ಲಿ ಒಬ್ಬ ಅಂಬಿಗ ಇದ್ದ. ದಿನಾ ಜನಾನ ಹೊಳೆ ದಾಟಿಸ್ತಿದ್ದ. ಒಂದಿನ ಎಲ್ಲರೂ ಹತ್ತಿ ಕೂತ್ಮೇಲೆ, 'ನೋಡ್ರಪ್ಪಾ, ನಿನ್ನೆ ನಂಗೊಂದು ಕೆಟ್ಟ ಕನಸು ಬಿತ್ತು,' ಅಂದ. ದೋಣೀಲಿದ್ದವರೆಲ್ಲ ದಡಬಡ ಇಳಿದುಬಿಟ್ರು. ಅವತ್ತಿಂದ ಯಾರೂ ಹತ್ತಲಿಲ್ಲ. ಕೆಲವರು ಈಜ್ಕೊಂಡು ಹೋದ್ರು, ಅದರಲ್ಲಿ ಇಬ್ರು ಮುಳುಗಿದ್ರು. ದೋಣಿ ದಡದಲ್ಲೇ ಗೆದ್ದಲು ಹಿಡೀತು. ಈಗ ಹೇಳು, ಅವನ ನಿಜದಿಂದ ಯಾರಿಗೆ ಉಪಕಾರ ಆಯ್ತು?"

"ಕನಸಲ್ಲಿ ಏನಿತ್ತು?"

"ಆಂ?"

"ಅವನ ಕನಸಲ್ಲಿ ಏನಿತ್ತು ಅಂತ ಆ ಊರಲ್ಲಿ ಯಾರೂ ಕೇಳ್ಲಿಲ್ವಾ?"

ಡಾಕ್ಟರು ಅವನನ್ನೇ ನೋಡಿದರು. "ಕಥೇಲಿ ಅದಿಲ್ಲ," ಎಂದರು. ಆಮೇಲೆ ದನಿ ಬದಲಿಸಿದರು. "ಇದು ಮೇಲಕ್ಕೆ ಹೋದ್ರೆ ಏನಾಗುತ್ತೆ ಗೊತ್ತಾ? ತಾತ್ಕಾಲಿಕ ಅನರ್ಹ ಅಂತ ಒಂದು ಕಾಗದ ಬರುತ್ತೆ. ಆಮೇಲೆ ಮಂಡಳಿ ಕೂರುತ್ತೆ. ಅದರಲ್ಲಿ ಐದು ಜನ, ಐದೂ ಜನಕ್ಕೆ ಒಂದೇ ದಿನ ಬಿಡುವಾಗ್ಬೇಕು. ವರ್ಷ ಆಗ್ಬಹುದು, ಎರಡಾಗ್ಬಹುದು. ಅಷ್ಟರಲ್ಲಿ ನಿನ್ನ ರೇಟಿಂಗಿನ ಅವಧಿ ಮುಗಿದಿರುತ್ತೆ. ಲೈಸೆನ್ಸಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ಕೋಬೇಕು."

"ಹಾಕ್ಕೋತೀನಿ."

"ಆ ಡಾಕ್ಟರ ಹತ್ರ ಹೋಗದೇ ಇದ್ದಿದ್ರೆ ನೀನು ಇವತ್ತು ಫಿಟ್. ಹೋಗಿದ್ದಕ್ಕೆ ತಾನೇ ಇದೆಲ್ಲ?"

"ಅಂದ್ರೆ ಕಾಯಿಲೆಗಲ್ಲ, ಡಾಕ್ಟರಿಗೆ ಹೆದರ್ಬೇಕು."

"ಮಾತಿಗೇನು ಕಮ್ಮಿಯಿಲ್ಲ. ಒಂದು ಗೆರೆ ಎಳಿಯೋ ಮಾರಾಯಾ. ಇನ್ನೆರಡು ವಾರ ರಜೆ ಹಾಕಿ ಮಲಗು. ಎದ್ದಾಗ ಸರಿಹೋಗಿರುತ್ತೆ." ನಾಲ್ಕನೆಯ ಫಾರಂ ಮೇಜಿನ ಮೇಲೆ ಬಂತು.

ಅವನು ಅದನ್ನು ಅಂಗೈಯಲ್ಲಿ ಹಿಂದಕ್ಕೆ ತಳ್ಳಿದ.

"ಹತ್ತು ಕೊಡಿ, ಹತ್ತರಲ್ಲೂ ಅದನ್ನೇ ಬರೀತೀನಿ. ಡ್ರಾಯರ್ ಖಾಲಿ ಆಗೋವರೆಗೂ ಬರೀತೀನಿ. ಅಲ್ಲಿ ಕೂತ್ಕೊಂಡು ನೂರೆಂಬತ್ತು ಜನಾನ ಇಳಿಸ್ದೋನು ನಾನು. ಇಳಿಸ್ತಿದ್ದಾಗ ನಾನು ಅಲ್ಲಿರಲಿಲ್ಲ. ಅದನ್ನ ಯಾವ ಚೌಕದಲ್ಲಿ ಬರೀಲಿ? ಹೇಳಿ!"

ದನಿ ಏರಿತ್ತು. ನರ್ಸು ಬಾಗಿಲಲ್ಲಿ ಇಣುಕಿ ಮರೆಯಾದಳು. ತನಗೆ ಸಿಟ್ಟು ಬಂದಿದೆ ಎಂದು ತಿಳಿಯಲು ಅವನಿಗೆ ತುಸು ಹೊತ್ತು ಹಿಡಿಯಿತು. ಎಷ್ಟೋ ತಿಂಗಳ ಮೇಲೆ, ಹೇಳದೆ ಕೇಳದೆ ಬಂದ ನೆಂಟನ ಹಾಗೆ, ಅದು ಎದೆಯೊಳಗೆ ಕಾಲು ಚಾಚಿ ಕೂತಿತ್ತು. ಬೆಚ್ಚಗಿತ್ತು. ಬೆಚ್ಚಗಿದ್ದದ್ದರಿಂದಲೇ ಅವನಿಗೆ ಅನುಮಾನವಾಯಿತು: ನಿಜ ಹೇಳಬೇಕೆಂದು ಹೇಳುತ್ತಿದ್ದೇನೋ, ಇಲ್ಲಾ ಈ ಬಿಸಿಯ ಆಸೆಗೆ ನಿಜವನ್ನು ಬೆಂಕಿಕಡ್ಡಿಯ ಹಾಗೆ ಗೀರುತ್ತಿದ್ದೇನೋ. ಎರಡೂ ಇರಬಹುದು. ಇರಲಿ ಅನ್ನಿಸಿತು. 

"ಡಾಕ್ಟ್ರೇ," ಎಂದ, ದನಿ ತಗ್ಗಿಸಿ. "ಒಂದೇ ಒಂದು ಸಲ ಕೇಳಿ, ನಿಂಗೇನಾಯ್ತು ಅಂತ. ಆಮೇಲೆ ಈ ಮೂರನ್ನೂ ನೀವು ಹರಿದುಹಾಕಿದ್ರೂ ಚಿಂತೆಯಿಲ್ಲ."

ಡಾಕ್ಟರು ಮೂರು ಕಾಗದಗಳ ಅಂಚನ್ನು ಸರಿಯಾಗಿ ಜೋಡಿಸಿದರು. ಕಣ್ಣೆತ್ತಲಿಲ್ಲ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಇವನಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಕೇಳಿದ್ರೆ ಬರೀಬೇಕಾಗುತ್ತೆ ಕಣಪ್ಪಾ."

ಗೋಡೆಯಾಚೆ ಮಾವ ಕಣ್ಣಿನ ಪರೀಕ್ಷೆ ಕೊಡುತ್ತಿದ್ದರು. ಕೊನೆಯೆರಡು ಸಾಲುಗಳು ಒಂದು ಅಕ್ಷರವೂ ತಪ್ಪದೆ, ಒಂದೇ ಉಸಿರಿನಲ್ಲಿ ಕೇಳಿಬಂದವು. "ಶಭಾಷ್ ಸರ್," ಎಂದಿತು ಯಾವುದೋ ದನಿ.

"ಕಿವಿಯ ಪರೀಕ್ಷೆ ಬಾಕಿ ಇದೆಯಲ್ಲಾ, ಮುಗಿಸ್ಕೊಂಡು ಬಾ," ಎಂದರು ಡಾಕ್ಟರು. "ಅಷ್ಟರಲ್ಲಿ ನಾನು ಯೋಚ್ನೆ ಮಾಡ್ತೀನಿ."

"ನಾನು ಮಾಡಿಯಾಗಿದೆ," ಎಂದು ಅವನು ಎದ್ದ. ಸೊಂಟ ಹಿಡಿದುಕೊಳ್ಳಲಿಲ್ಲ.

ಕಿವಿಯ ಕೋಣೆ ಎಂದರೆ ಒಂದು ಪೆಟ್ಟಿಗೆ. ಒಬ್ಬ ಕೂರುವಷ್ಟು ಜಾಗ, ಸುತ್ತ ಮೆತ್ತೆ ಹೊಡೆದ ಗೋಡೆ, ಎದುರಿಗೆ ಒಂದು ಗಾಜು. ನರ್ಸು ಅವನ ಕಿವಿಗೆ ಹೆಡ್‌ಫೋನ್ ಏರಿಸಿ, ಕೈಗೆ ವೈರು ಕಟ್ಟಿದ ಗುಂಡಿಯೊಂದನ್ನು ಕೊಟ್ಟಳು.

"ಶಬ್ದ ಕೇಳಿಸಿದ ಕೂಡ್ಲೇ ಒತ್ತಿ ಸರ್. ಕೇಳಿಸದಿದ್ರೆ ಸುಮ್ನಿರಿ."

ದಪ್ಪ ಬಾಗಿಲು ಮುಚ್ಚಿತು. ಲೋಕವನ್ನು ಯಾರೋ ಬತ್ತಿ ಇಳಿಸಿದಂತೆ ಇಳಿಸಿದರು. ಸಣ್ಣ ಶಬ್ದವೊಂದು ಬಂತು, ಒತ್ತಿದ. ಗಾಜಿನಾಚೆ, ನರ್ಸಿನ ಮೇಜಿನ ಮೇಲಿದ್ದ ಯಂತ್ರದಲ್ಲಿ ಒಂದು ಹಸಿರು ದೀಪ ಮಿನುಗಿತು. ಅವಳು ಬರೆದುಕೊಂಡಳು. ಇನ್ನೂ ಸಣ್ಣದು, ಒತ್ತಿದ. ಆಮೇಲೆ ಇನ್ನೂ ಸಣ್ಣದು, ನೆನಪಿನಷ್ಟು ಸಣ್ಣದು. ಒತ್ತಿದ.

ಆಮೇಲೆ ಏನೂ ಬರಲಿಲ್ಲ.

ಗಾಜಿನಾಚೆ ನರ್ಸು ತಲೆಯೆತ್ತಿ ಯಾರಿಗೋ ಏನೋ ಹೇಳಿ, ಕುರ್ಚಿಯಿಂದೆದ್ದು ಡಾಕ್ಟರ ಕೋಣೆಗೆ ಹೋದಳು. ಹಿಂದೆಯೇ ಮಾವ ಹೋದರು. ಅರೆತೆರೆದ ಬಾಗಿಲಲ್ಲಿ ಮೂರು ತಲೆಗಳು ಅವನ ಫಾರಂಗಳಿದ್ದ ಮೇಜಿನ ಮೇಲೆ ಬಾಗಿದವು. ತುಟಿಗಳು ಆಡುತ್ತಿದ್ದವು. ಮಾವ ಒಮ್ಮೆ ಈ ಕಡೆ ತಿರುಗಿ, ತೊಟ್ಟಿಲಲ್ಲಿರುವ ಕೂಸನ್ನು ನೋಡಿದಂತೆ ನೋಡಿ ನಕ್ಕು, ಬಾಗಿಲು ಮುಂದೆ ಮಾಡಿದರು.

ಅವನು ಕಾದ. ಕಿವಿಯೊಳಗೆ ತನ್ನದೇ ರಕ್ತ ದೂರದ ಹೊಳೆಯ ಹಾಗೆ ಹರಿಯುತ್ತಿತ್ತು. ಇದಕ್ಕೆ ಒತ್ತಬೇಕೋ ಬೇಡವೋ ಅವಳು ಹೇಳಿರಲಿಲ್ಲ. ಪೆಟ್ಟಿಗೆಯ ಬಾಗಿಲಿಗೆ ಒಳಗಡೆ ಹಿಡಿಯಿರಲಿಲ್ಲ.

ಒತ್ತಿದ. ಯಾರೂ ಇಲ್ಲದ ಮೇಜಿನ ಮೇಲೆ ಹಸಿರು ದೀಪ ಹೊತ್ತಿಕೊಂಡಿತು. ಬೆರಳು ತೆಗೆದ, ಆರಿತು. ಮತ್ತೆ ಒತ್ತಿದ. ಈ ಸಲ ತೆಗೆಯಲಿಲ್ಲ. ಹೆಬ್ಬೆರಳ ಉಗುರು ಬೆಳ್ಳಗಾಗುವವರೆಗೆ, ಆಮೇಲೂ, ಒತ್ತಿಯೇ ಹಿಡಿದ. ಖಾಲಿ ಕುರ್ಚಿಯ ಎದುರು ದೀಪ ಉರಿಯುತ್ತಲೇ ಇತ್ತು.