ಮುಳ್ಳಿಲ್ಲದ ಕಳ್ಳಿ

ತೀರ್ಥಪ್ಪನಿಗೆ ಹುಚ್ಚು ಅಂಚೆಯಲ್ಲಿ ಬಂತು ಎಂದು ಹಿರೇನಲ್ಲೂರಿನವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಪೂರಾ ಸುಳ್ಳೇನೂ ಇರಲಿಲ್ಲ. ದಸರಾ ವಸ್ತುಪ್ರದರ್ಶನ ನೋಡಲು ಮೈಸೂರಿಗೆ ಹೋದವನು ಅಲ್ಲಿ ಅಮೇರಿಕದ ಸಸಿ ಮಾರುವವರ ಚಿತ್ರದ ಪುಸ್ತಕ ಕಂಡ. ಮುಳ್ಳೇ ಇಲ್ಲದ ಕಳ್ಳಿ, ಅದನ್ನು ಮೇಯುತ್ತ ನಿಂತ ಕೊಬ್ಬಿದ ಹಸುಗಳು! ಬೇಸಗೆಯಲ್ಲಿ ಎಮ್ಮೆದೊಡ್ಡಿ ಕಾವಲಿನ ಹುಲ್ಲೇ ಸುಟ್ಟು ಕರಕಾಗುವುದನ್ನು ನೋಡಿದವನಿಗೆ ಆಮೇಲೆ ನಿದ್ದೆ ಹತ್ತೀತೇ? ಕಡೂರಿನ ಮೇಷ್ಟ್ರು ಓಂಕಾರಮೂರ್ತಿಯವರ ಕೈಯಲ್ಲಿ ಇಂಗ್ಲಿಷಿನಲ್ಲಿ ಕಾಗದ ಬರೆಸಿ ಹಾಕಿಯೇಬಿಟ್ಟ. ಆ ಕಾಗದ ಹಡಗು ಹತ್ತಿ ಹೋಗಿ, ಪೆಟ್ಟಿಗೆ ಹಡಗು ಹತ್ತಿ ಬಂದು, ಬೊಂಬಾಯಿಯ ಸುಂಕದವರ ಕೈ ದಾಟಿ, ರೈಲಿನಲ್ಲಿ ಕಡೂರು ಮುಟ್ಟುವ ಹೊತ್ತಿಗೆ ಇಲ್ಲಿ ರಾಗಿ ಬಿತ್ತಿ ಕೊಯ್ದು ಕಣ ಮಾಡಿದ್ದಾಗಿತ್ತು.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಹಳೇ ಕೆರದ ಅಟ್ಟೆಯಂಥ ಐದಾರು ಸುಕ್ಕು ತುಂಡುಗಳು. ಹೆಂಡತಿ ಗುರುಶಾಂತಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಆದರೆ ಹಿತ್ತಿಲಲ್ಲಿ ನೆಟ್ಟ ಮೇಲೆ ಆ ಅಟ್ಟೆಗಳು ಬೇರು ಬಿಟ್ಟವು, ಚಿಗುರಿದವು, ಎರಡು ಮಳೆಗಾಲ ಕಳೆಯುವುದರೊಳಗೆ ಆಳೆತ್ತರ ಎದ್ದು ನಿಂತವು. ಆಗ ನಗುವುದನ್ನು ಬಿಟ್ಟು ಅವಳು ಹೆದರಲು ಶುರು ಮಾಡಿದಳು. ಕಳ್ಳಿ ಎಂದರೆ ಕಳ್ಳಿಯೇ ಅಲ್ಲವೇ? ಅದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ, ಹೊಟ್ಟೆಗೆ ಬಿದ್ದರೆ ಜೀವ ಹೋಗುತ್ತದೆ. ಇದು ಹಾಲು ಬಿಡುವ ಜಾತಿಯಲ್ಲ, ಮುರಿದರೆ ಬರೀ ಲೋಳೆ ಎಂದು ಗಂಡ ಮುರಿದು ಮುರಿದು ತೋರಿಸಿದ. ಅವಳು ಹೂಂ ಅಂದಳು, ನಂಬಲಿಲ್ಲ.

ಹೀಗಿರುವಾಗ ಊರ ಗೌಡ ಬೆನಕಪ್ಪನ ಕರು ಇವರ ಹಿತ್ತಿಲ ಮಗ್ಗುಲಲ್ಲಿ ಸತ್ತು ಬಿತ್ತು. ಹಾವು ಕಡಿದಿತ್ತೋ, ಏನು ತಿಂದಿತ್ತೋ, ಯಾರು ಕಂಡರು? ಬೆನಕಪ್ಪ ಕೆಟ್ಟವನಲ್ಲ. ದನ ಕರುವಿನ ಕಾಯಿಲೆಗೆ ಸುತ್ತಲ ಹಳ್ಳಿಯವರೆಲ್ಲ ಅವನನ್ನೇ ಕರೆಯುತ್ತಿದ್ದರು. ಆ ಕರುವನ್ನಂತೂ ಮಗನ ಹಾಗೆ ಸಾಕಿದ್ದ. ಕಳ್ಳಿ ತಿಂದೇ ಸತ್ತಿತೆಂದು ಕಟ್ಟೆಯ ಮೇಲೆ ಪಂಚಾಯಿತಿ ಸೇರಿಸಿದ. ಹಾಲು ಬಿಡದ ಕಳ್ಳಿ ಎಂದು ತೀರ್ಥಪ್ಪ ಹೇಳಹೋದರೆ, ಹಲ್ಲು ಕಾಣದ ಹಾವಿಗೆ ವಿಷ ಇಲ್ಲವೇನೋ ಎಂದು ಬಾಯಿ ಮುಚ್ಚಿಸಿದ. ಕೊನೆಗೆ ಗಿಡ ಕಿತ್ತು ಸುಡು, ಇಲ್ಲವೇ ಎಲ್ಲರೆದುರು ನಿನ್ನ ಮನೆಯ ಹಸುವಿಗೇ ತಿನ್ನಿಸು ಎಂದು ತೀರ್ಮಾನವಾಯಿತು. ಸಂಜೆ ದೀಪ ಹಚ್ಚುವುದರೊಳಗೆ ಹಸು ಮೆಲುಕು ಹಾಕಿದರೆ ಗಿಡ ಉಳಿಯುತ್ತದೆ. ಹಸು ಸತ್ತರೆ ಗೋಹತ್ಯೆ. ಮಠಕ್ಕೆ ದೂರು ಹೋಗುತ್ತದೆ, ಊರಲ್ಲಿ ಯಾರೂ ಆ ಮನೆಗೆ ಬೆಂಕಿ ನೀರು ಕೊಡುವುದಿಲ್ಲ. ಹಟಮಾರಿ ತೀರ್ಥಪ್ಪ ಆಗಲಿ ಎಂದುಬಿಟ್ಟ.

ಮನೆಯಲ್ಲಿ ಇದ್ದದ್ದು ಒಂದೇ ಹಸು, ತುಂಗೆ. ಗುರುಶಾಂತಮ್ಮ ಮದುವೆಯಾಗಿ ಬಂದಾಗ ಸಖರಾಯಪಟ್ಟಣದ ತವರಿನಿಂದ ಬಳುವಳಿಯಾಗಿ ಬಂದ ಹಸುವಿನ ಮಗಳು. ಅವಳ ಕೈ ಬಿಟ್ಟು ಬೇರೆ ಕೈಗೆ ಹಾಲು ಕೊಟ್ಟದ್ದಿಲ್ಲ.

ಹಸುವಿಗೆ ಕಳ್ಳಿ ತಿನ್ನಿಸಬೇಕಾದ ದಿನ ಬೆಳಗಿನ ಜಾವ, ಗಂಡ ಇನ್ನೂ ಮಲಗಿರುವಾಗಲೇ ಅವಳು ಕೊಟ್ಟಿಗೆಗೆ ಹೋದಳು. ಮನೆ ಬಿಟ್ಟು ಹೋಗುವ ದನವನ್ನು ಬರೀ ಹೊಟ್ಟೆಯಲ್ಲಿ ಕಳಿಸಬಾರದು ಎನ್ನುವುದು ಅವಳ ತವರಿನ ಪದ್ಧತಿ. ಮಾರಿದ ಎತ್ತಿಗೂ ಹುರುಳಿ ಬೇಯಿಸಿ ತಿನ್ನಿಸಿಯೇ ಹಗ್ಗ ಕೊಡುತ್ತಿದ್ದರು. ಈಗ ಬೇಯಿಸಲು ಒಲೆ ಹಚ್ಚಿದರೆ ಗಂಡ ಎದ್ದು ಯಾಕೆ ಎಂದು ಕೇಳುತ್ತಾನೆ. ಮೊರದ ತುಂಬ ಒಣ ಹುರುಳಿಯನ್ನೇ ತುಂಗೆಯ ಮುಂದೆ ಹಿಡಿದಳು. ಒಣ ಹುರುಳಿ ಹೊಟ್ಟೆಗೆ ಆಗದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸಾಯುವ ಹಸುವಿಗೆ ಹುರುಳಿ ಏನು ಮಾಡೀತು ಅಂದುಕೊಂಡಳು. ಅದು ಮೊರ ನೆಕ್ಕಿ ನೆಕ್ಕಿ ತಿಂದಿತು. ಇವಳು ಅದರ ಕೊರಳು ತಬ್ಬಿಕೊಂಡು ಸದ್ದಿಲ್ಲದೆ ಅತ್ತಳು.

ಹೊತ್ತು ಏರಿದ ಮೇಲೆ ತುಂಗೆಯನ್ನು ಕಟ್ಟೆಯ ಮುಂದೆ ತಂದು ಕಟ್ಟಿದರು. ಬರುವ ದಾರಿಯಲ್ಲಿ ಅದು ನೀರಿನ ಬಾನಿಗೆ ಬಾಯಿ ಹಾಕಿ ಹೊಟ್ಟೆ ತುಂಬ ಕುಡಿಯಿತು. ತೀರ್ಥಪ್ಪ ಕಳ್ಳಿಯ ಹಲಗೆಯಂಥ ಎಲೆಗಳನ್ನು ಕೊಚ್ಚಿ ಮುಂದಿಟ್ಟ. ತುಂಗೆ ಮೂಸಿ ನೋಡಿ, ಕರಕರ ಅಗಿದು ತಿಂದಿತು. ಕುತ್ತಿಗೆ ಚಾಚಿ ಇನ್ನೂ ಬೇಡಿತು. ತೀರ್ಥಪ್ಪನ ಮುಖ ಅರಳಿತು.

ಮಧ್ಯಾಹ್ನ ತಿರುಗುವಷ್ಟರಲ್ಲಿ ಹಸುವಿನ ಎಡಪಕ್ಕೆ ಉಬ್ಬತೊಡಗಿತು. ಮೊದಲು ಕಂಡವಳು ಗುರುಶಾಂತಮ್ಮನೇ. ಅವಳು ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ನೋಡುತ್ತಿದ್ದಂತೆ ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ತುಂಗೆ ಕುತ್ತಿಗೆ ನೀಡಿ, ನಾಲಗೆ ಹೊರಗೆ ಹಾಕಿ ಏದುಸಿರು ಬಿಡಲು ಶುರು ಮಾಡಿತು. ತೀರ್ಥಪ್ಪ ಬಿಳಿಚಿಕೊಂಡ. ಕಳ್ಳಿ ಕೊಂದಿತು ಎಂದು ಒಬ್ಬ ಅಂದ, ಊರಿಗೆಲ್ಲ ಪಾಪ ಸುತ್ತಿಕೊಂಡಿತು ಎಂದು ಇನ್ನೊಬ್ಬ. ಬೆನಕಪ್ಪ ಎಲ್ಲರನ್ನೂ ಗದರಿಸಿ ಕೆಳಗಿಳಿದು ಬಂದ. ವಿಷ ಏರುತ್ತಿದೆ, ಹೊಟ್ಟೆ ತೊಳೆಯಬೇಕು, ಕೊಡದ ತುಂಬ ನೀರುಮಜ್ಜಿಗೆ ತನ್ನಿ ಎಂದ. ದನಕ್ಕೆ ಮದ್ದು ಕುಡಿಸುವ ಬಿದಿರಿನ ಗೊಟ್ಟ ಅವನ ಕೈಗೆ ಬಂತು. ಇಬ್ಬರು ಹಸುವಿನ ದವಡೆ ಹಿಡಿದರು.

ಗುರುಶಾಂತಮ್ಮನಿಗೆ ತವರಿನ ಎತ್ತು ನೆನಪಾಯಿತು. ಹುರುಳಿ ಚೀಲಕ್ಕೆ ಬಾಯಿ ಹಾಕಿ, ಮೇಲೆ ನೀರು ಕುಡಿದು, ಬಾನಿಯ ಹತ್ತಿರವೇ ಬಿದ್ದು ಸತ್ತಿತ್ತು. ಹುರುಳಿಯ ಉಬ್ಬರಕ್ಕೆ ಎಣ್ಣೆ ಕುಡಿಸಬೇಕು, ಈಗ ಮಜ್ಜಿಗೆ ಹುಯ್ದರೆ ತುಂಗೆ ಉಳಿಯುವುದಿಲ್ಲ. ಗಂಡನ ಕಳ್ಳಿಯೇ ಕೊಂದಿತು ಎಂದಾಗುತ್ತದೆ. ನಿಜ ಹೇಳಿದರೆ? ಯಾಕೆ ತಿನ್ನಿಸಿದೆ ಎಂದು ಕೇಳದೆ ಬಿಡುತ್ತಾರೆಯೇ? ಕಟ್ಟಿಕೊಂಡವಳೇ ನಂಬಲಿಲ್ಲ ಎಂದು ಊರೆಲ್ಲ ನಕ್ಕರೆ ಈ ಮನುಷ್ಯ ತಲೆ ಎತ್ತಿ ತಿರುಗುವುದು ಹೇಗೆ? ಬೆನಕಪ್ಪ ಗೊಟ್ಟಕ್ಕೆ ಮಜ್ಜಿಗೆ ತುಂಬಿಕೊಂಡ.

ಅವಳು ಗುಂಪು ಸೀಳಿಕೊಂಡು ಬಂದು ಅವನ ಕೈ ಹಿಡಿದುಬಿಟ್ಟಳು. ಊರ ಗೌಡನ ಕೈಯನ್ನು, ಪಂಚಾಯಿತಿಯ ನಡುವೆ!

"ವಿಷ ಅಲ್ಲ ಗೌಡ್ರೇ, ಹುರುಳಿ. ಬೆಳಗಿನ ಜಾವ ಒಣ ಹುರುಳಿ ನಾನೇ ತಿನ್ನಿಸ್ದೆ. ಮಜ್ಜಿಗೆ ಹುಯ್ದ್ರೆ ಹೊಟ್ಟೆ ಒಡ್ದು ಸಾಯ್ತದೆ."

"ಇವತ್ತೇ ಯಾಕೆ ತಿನ್ನಿಸ್ದೆ?" ಬೆನಕಪ್ಪ ಕೇಳಿದ.

ಗಂಡನ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. "ಹೆಂಗಿದ್ರೂ ಸಾಯ್ತದೆ ಅಂದ್ಕೊಂಡಿದ್ದೆ. ಬರೀ ಹೊಟ್ಟೇಲಿ ಹೋಗೋದು ಬ್ಯಾಡ ಅಂತ."

ಯಾರೋ ಕಿಸಕ್ಕನೆ ನಕ್ಕರು. ತೀರ್ಥಪ್ಪ ನೆಲ ನೋಡಿದ. ಬೆನಕಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ. ಗಂಡನನ್ನು ಉಳಿಸಿಕೊಳ್ಳಲು ಹೆಂಗಸರು ಇದಕ್ಕಿಂತ ದೊಡ್ಡ ಸುಳ್ಳು ಹೇಳಿದ್ದುಂಟು, ಆ ಕಡೆ ಸರಿ ತಾಯಿ ಎಂದು ಗೊಟ್ಟ ಎತ್ತಿದ. ತುಂಗೆಯ ಮುಂಗಾಲುಗಳು ನಡುಗುತ್ತಿದ್ದವು.

ಗುರುಶಾಂತಮ್ಮ ಕೆಳಗೆ ಉಳಿದಿದ್ದ ಕಳ್ಳಿಯ ತುಂಡೊಂದನ್ನು ಎತ್ತಿಕೊಂಡಳು. ಇನ್ನೊಂದು ಕೈಯಿಂದ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು.

"ನಾನು ಬಿದ್ರೆ ಮಜ್ಜಿಗೆ ಹುಯ್ರಿ. ಬೀಳ್ದಿದ್ರೆ ಎಣ್ಣೆ ಹುಯ್ರಿ."

ಹೇಳಿದವಳೇ ಕಚ್ಚಿದಳು. ಹುಳಿ, ಲೋಳೆ, ಜೊತೆಗೆ ನಾಲಗೆಗೂ ತುಟಿಗೂ ಏನೋ ಸಣ್ಣಗೆ ಚುಚ್ಚಿತು. ಉಗುಳದೆ ಅಗಿದು ನುಂಗಿ ಮತ್ತೆ ಕಚ್ಚಿದಳು. ತೀರ್ಥಪ್ಪ ಓಡಿಬಂದು ಕೈಯಿಂದ ಕಿತ್ತುಕೊಳ್ಳುವಷ್ಟರಲ್ಲಿ ಅರ್ಧ ತುಂಡು ಹೊಟ್ಟೆ ಸೇರಿತ್ತು. ಕಳ್ಳಿಹಾಲು ತಾಕಿದರೆ ಗಳಿಗೆಯೊಳಗೆ ಬಾಯಿ ಬೊಬ್ಬೆ ಏಳುತ್ತದೆ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಬೆನಕಪ್ಪ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತ ನಿಂತ. ನಾಲಗೆ ತೋರಿಸು ಎಂದ. ತೋರಿಸಿದಳು. ಬೊಬ್ಬೆ ಇರಲಿಲ್ಲ.

ಅವನು ಮಜ್ಜಿಗೆಯ ಕೊಡವನ್ನು ಕಾಲಿನಿಂದ ಒದ್ದ.

"ಹರಳೆಣ್ಣೆ ತರ್ರೋ, ಇಂಗು ತರ್ರೋ. ನಿಂತ್ಕೊಂಡು ಏನ್ ನೋಡ್ತೀರಿ?"

ಆಮೇಲೆ ಮುದುಕ ಬೆನಕಪ್ಪ ಮಾಡಿದ್ದೇ ಮಾಡಿದ್ದು. ಬೇವಿನ ಕಡ್ಡಿಯನ್ನು ಹಸುವಿನ ಬಾಯಿಗೆ ಅಡ್ಡ ಕಟ್ಟಿದ. ಮುಂಗಾಲನ್ನು ದಿಬ್ಬದ ಮೇಲೆ ಹತ್ತಿಸಿ ನಿಲ್ಲಿಸಿದ. ಇಂಗು ಕದಡಿದ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಕುಡಿಸಿ, ಎರಡೂ ಮುಷ್ಟಿಯಿಂದ ಪಕ್ಕೆ ತಿಕ್ಕಿದ. ತೀರ್ಥಪ್ಪ ಮತ್ತೊಂದು ಕಡೆಯಿಂದ ತಿಕ್ಕಿದ. ಇಬ್ಬರೂ ಬೆವರಿ ತೊಯ್ದು ಹೋದರು. ಬಿಸಿಲು ಇಳಿಯುವ ಹೊತ್ತಿಗೆ ತುಂಗೆ ದೊಡ್ಡದಾಗಿ ತೇಗಿತು, ಮತ್ತೆ ತೇಗಿತು, ಕಡ್ಡಿಯ ಎರಡೂ ಕಡೆ ನೊರೆ ಸುರಿಯಿತು. ಬೆನಕಪ್ಪ ಆ ನೊರೆಯಲ್ಲಿ ಬೆರಳಾಡಿಸಿ, ಊದಿದ ಹುರುಳಿಕಾಳೊಂದನ್ನು ಆರಿಸಿ ಅಂಗೈ ಮೇಲಿಟ್ಟುಕೊಂಡು ಕಟ್ಟೆಯವರಿಗೆ ತೋರಿಸಿದ. ತನ್ನ ಕರುವನ್ನು ಏನು ಕೊಂದಿತೋ ಆ ಶಿವನೇ ಬಲ್ಲ, ಈ ಗಿಡವಂತೂ ಅಲ್ಲ ಎಂದು ಹೇಳಿ, ಕೈಯನ್ನೂ ತೊಳೆಯದೆ ಮನೆಗೆ ಹೋದ.

ಜನ ಚದುರಿದ ಮೇಲೆ ಗಂಡ ಹೆಂಡತಿ ತುಂಗೆಯನ್ನು ಮೆಲ್ಲಗೆ ನಡೆಸಿಕೊಂಡು ಬಂದು ಕೊಟ್ಟಿಗೆಯಲ್ಲಿ ಕಟ್ಟಿದರು. ಅವಳ ತುಟಿ ಊದಿಕೊಂಡಿತ್ತು. ಅವನು ದೀಪ ತಂದು, ಅವಳನ್ನು ಕೂರಿಸಿ, ತುಟಿಗೆ ನೆಟ್ಟಿದ್ದ ಕೂದಲಿನಂಥ ಮುಳ್ಳುಗಳನ್ನು ಉಗುರಿನಿಂದ ಒಂದೊಂದಾಗಿ ಕೀಳತೊಡಗಿದ.

"ಮುಳ್ಳಿಲ್ಲ ಅಂತ ಬರ್ದಿದ್ರಲ್ಲ ಅಮೇರಿಕದವ್ರು," ಅಂದಳು ಅವಳು.

ಅವನು ನಗಲಿಲ್ಲ. "ನನ್ನ ಮಾತು ನೀನು ನಂಬ್ಲಿಲ್ಲ. ಎಲ್ಲಾರ ಮುಂದೆ ಗೊತ್ತಾಗೋಯ್ತು. ಕೊನೇಗಾದ್ರೂ ನಂಬಿ ತಿಂದ್ಯಲ್ಲ, ಅಷ್ಟು ಸಾಕು."

ಗುರುಶಾಂತಮ್ಮ ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ದಿನ ಅವಳಿಗೆ ಇನ್ನೊಂದನ್ನು ಮುಚ್ಚಿಡುವ ಶಕ್ತಿ ಉಳಿದಿರಲಿಲ್ಲ.

"ಇಲ್ಲ ಕಣ್ರೀ. ತಿನ್ನೋವಾಗ್ಲೂ ನಂಬಿರ್ಲಿಲ್ಲ. ಗೌಡ್ರ ಕೈ ತಡೆಯೋಕೆ ಬೇರೆ ದಾರಿ ಕಾಣ್ಲಿಲ್ಲ, ವಿಷ ಅಂತ್ಲೇ ತಿಂದೆ."

ತೀರ್ಥಪ್ಪನ ಕೈ ಅವಳ ತುಟಿಯ ಹತ್ತಿರವೇ ನಿಂತಿತು. ದೀಪ ಹಿಡಿದ ಇನ್ನೊಂದು ಕೈ ವಾಲಿ ಎಣ್ಣೆ ತುಳುಕಿತು. ಅವಳೇ ದೀಪ ಇಸಿದುಕೊಂಡು ಕೆಳಗಿಟ್ಟಳು. ಹಿಂದೆ ತುಂಗೆ ಕಾಲು ಮಡಿಚಿ ಮಲಗಿ ಮೆಲುಕು ಹಾಕುತ್ತಿತ್ತು.