ಗಾಜಿನ ಮೇಲಿನ ಗೊನೆ

ಗಾಜಿನ ಚಾವಣಿಯ ಕಾರು ಬೇಕೋ ಬೇಡವೋ ಎಂದು ಕೇರಳದ ವಡಕರದ ಶಾಲಾ ಮೇಷ್ಟ್ರು ಬಾಲಗೋಪಾಲನ್ ಮಾಷ್ ಮತ್ತು ಅವರ ಹೆಂಡತಿ ಸೌದಾಮಿನಿ ಮೂರು ತಿಂಗಳು ಕಿತ್ತಾಡಿದ್ದರು. ಕೂತಲ್ಲೇ ಆಕಾಶ ಕಾಣುತ್ತದೆ ಎಂದು ಆಕೆ, ಬೇಸಿಗೆಯಲ್ಲಿ ಹಪ್ಪಳದಂತೆ ಸುಟ್ಟುಹೋಗುತ್ತೇವೆ ಎಂದು ಮಾಷ್. ಗೆದ್ದದ್ದು ಆಕೆ. ತೆಂಗಿನಮರದ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಹುಟ್ಟಿದಂದಿನಿಂದ ಅದರಡಿಯಲ್ಲೇ ಓಡಾಡಿದವರಿಗೆ ಅದು ನೆನಪಾಗುವುದಾದರೂ ಹೇಗೆ?

ಈಗ ಕಾರು ಅವರ ಮನೆಯ ಓಣಿಯಲ್ಲೇ ಸಿಕ್ಕಿಕೊಂಡಿತ್ತು. ಮುಂದೆ ಕೆಟ್ಟು ನಿಂತ ಮರಳಿನ ಲಾರಿ, ಹಿಂದೆ ಮೀನಿನ ಗಾಡಿ. ಎರಡೂ ಕಡೆ ಕೆಂಪುಕಲ್ಲಿನ ಗೋಡೆ. ಬಾಗಿಲು ಒಂದು ಗೇಣೂ ತೆರೆಯದು. ಚಾವಣಿಯ ಗಾಜಿನಾಚೆ, ಓಣಿಗೆ ಬಾಗಿದ ತೆಂಗಿನಮರದಲ್ಲಿ ಒಣಗಿದ ಕಾಯಿಗಳ ಗೊನೆ ತೂಗುತ್ತಿತ್ತು.

"ನೋಡ್ಕೋ ನಿನ್ನ ಆಕಾಶ," ಎಂದರು ಮಾಷ್.

"ಸುಮ್ನಿರಿ. ಯಾರ ಮರ ಅದು?"

"ನಮ್ದೇ. ಹೋದ ವಾರ ಕಣಾರನ್ ಕಾಯಿ ಕೀಳೋಕೆ ಬಂದಿದ್ನಲ್ಲ. ಕಾರು ನೋಡೋಕೆ ನೆಂಟರು ಬರ್ತಾರೆ, ಅಂಗಳ ಗಲೀಜಾಗುತ್ತೆ, ನಾಳೆ ಬಾ ಅಂತ ಅಟ್ಟಿದ್ಯಾರು?"

ಮರ ಹತ್ತುವವನನ್ನು ಒಮ್ಮೆ ವಾಪಸು ಕಳಿಸಿದರೆ ಅವನು ಮತ್ತೆ ಈ ಕಡೆ ತಲೆ ಹಾಕುವುದು ಎರಡು ತಿಂಗಳ ಮೇಲೇ.

ಕಡಲ ಗಾಳಿ ಬೀಸಿತು. ಗೊನೆ ಅಲುಗಿತು. ಸೌದಾಮಿನಿ ಗುಂಡಿ ಒತ್ತಿ ಚಾವಣಿಯ ಪರದೆ ಎಳೆದುಬಿಟ್ಟಳು.

"ಕಾಣ್ದಿದ್ರೆ ಬೀಳಲ್ವೇನೇ?"

"ಬೀಳುತ್ತೆ. ಹಳೇ ಕಾರಲ್ಲಿ ಇಪ್ಪತ್ತು ವರ್ಷ ಹೀಗೇ ತಾನೇ ಕೂತಿದ್ವಿ."

ಮಾಷ್ ಗೊನೆ ಕಾಣದೆ ಒಂದು ನಿಮಿಷ ತಡೆದುಕೊಂಡರು. ಆಮೇಲೆ ತಾವೇ ಕೈ ಚಾಚಿ ಗುಂಡಿ ಒತ್ತಿ ಪರದೆ ತೆರೆದು, ಗೊನೆಯತ್ತಲೇ ಕಣ್ಣು ನೆಟ್ಟರು.